ಎಲ್ಲಾ ಬಲ್ಲವನು ಒಬ್ಬ ಬೇಕಾ? ಪರ-ವಿರೋಧ, ಎರಡೂ ನನ್ನದೇ ಅರ್ಥ

ಹೋದ ಮಳೆಗಾಲದಲ್ಲಿ ಶಿರಸಿ ಹತ್ತಿರದ ಒಂದು ಊರಿನ ದೇವಸ್ಥಾನದಲ್ಲಿ ತಾಳಮದ್ದಳೆ ಇತ್ತು, ವೇಷ ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ. ಪ್ರಸಂಗ ಕೃಷ್ಣ ಸಂಧಾನ. ಹೊರಗೆ ಮಳೆ ಹಿಡಿದುಬಿಟ್ಟಿತ್ತು. ಒಳಗೆ ಕಂಬಳಿ ಹೊದ್ದು ಕೂತವರು ಮೂವತ್ತೋ ನಲವತ್ತೋ ಜನ. ಒಂದು ಸುತ್ತು ಚಾ ಆಗಿತ್ತು, ಅವಲಕ್ಕಿ ಆಗಿತ್ತು, ಕೆಲವರಿಗೆ ತೂಕಡಿಕೆಯೂ ಶುರುವಾಗಿತ್ತು. ಆಗ ಕೌರವನ ಅರ್ಥ, ಅಂದರೆ ಆ ಪಾತ್ರದ ಮಾತು, ಹೇಳುತ್ತಿದ್ದವರು ಎದುರು ಕೂತ ಕೃಷ್ಣನಿಗೆ ಒಂದು ಪ್ರಶ್ನೆ ಹಾಕಿದರು. "ನೀನು ಎಲ್ಲಾ ಬಲ್ಲವನು ಅಂತ ನಿನ್ನವರೇ ಹೇಳುತ್ತಾರೆ. ನಾನು ಐದು ಹಳ್ಳಿಯನ್ನೂ ಕೊಡುವವನಲ್ಲ ಅಂತ ಅಲ್ಲಿಂದ ಹೊರಡುವಾಗಲೇ ನಿನಗೆ ಗೊತ್ತಿತ್ತು. ಮುಂದೆ ಯಾರ ತಲೆ ಯಾವ ದಿನ ಉರುಳುತ್ತದೆ ಅಂತಲೂ ಗೊತ್ತಿತ್ತು. ಎಲ್ಲಾ ಗೊತ್ತಿದ್ದವನಿಗೆ ಸಂಧಾನ ಯಾಕೆ? ಬಂದದ್ದು ಮಾತಾಡಲಿಕ್ಕೋ, ಆಟ ನೋಡಲಿಕ್ಕೋ?"

ಕೃಷ್ಣನ ಅರ್ಥಧಾರಿ ಬಾಯಿ ತೆರೆದರು. ಮತ್ತೆ ಮುಚ್ಚಿದರು. ತೂಕಡಿಸುತ್ತಿದ್ದವರೆಲ್ಲ ಎದ್ದು ಕೂತರು. ಮದ್ದಳೆಯವರ ಕೈ ಮದ್ದಳೆಯ ಮೇಲೆ ಹಾಗೇ ನಿಂತಿತ್ತು, ಶ್ರುತಿಪೆಟ್ಟಿಗೆ ಒಂದು ಮಾತ್ರ ಸುಮ್ನೆ ಕೂಗುತ್ತಿತ್ತು. ಒಂದಷ್ಟು ಹೊತ್ತು ನೋಡಿದ ಭಾಗವತರು ಮುಂದಿನ ಪದ್ಯ ಎತ್ತಿದರು. ಪ್ರಶ್ನೆ ಅಲ್ಲೇ ಉಳಿಯಿತು.

ಮರುದಿನ ದೇವಿಮನೆ ಘಟ್ಟ ಇಳಿದು, ಕುಮಟೆ ದಾಟಿ, ಕಾರವಾರಕ್ಕೆ ಬರುವ ತನಕ ನನ್ನ ತಲೆಯಲ್ಲಿ ಅದೇ ಓಡುತ್ತಿತ್ತು. ಹಿಂದೆ ಆದದ್ದು, ಈಗ ಆಗುತ್ತಿರುವುದು, ಮುಂದೆ ಆಗುವುದು ಎಲ್ಲವನ್ನೂ ಬಲ್ಲ ಒಬ್ಬ ಇದ್ದಾನೆ ಅನ್ನುವ ಕಲ್ಪನೆಯನ್ನು ಸುಮಾರು ಎಲ್ಲಾ ಧರ್ಮಗಳೂ ಯಾವುದೋ ಒಂದು ರೂಪದಲ್ಲಿ ಇಟ್ಟುಕೊಂಡಿವೆ. ಕಥೆ ಹೇಳುವವರೂ ಇಟ್ಟುಕೊಂಡಿದ್ದಾರೆ. ಅದು ನಮಗೆ ಬೇಕಾ? ಅರ್ಥಧಾರಿ ಇವತ್ತು ಕೃಷ್ಣ, ಮುಂದಿನ ವಾರ ಕೌರವ. ಎರಡು ಕಡೆಯೂ ಮನಸ್ಸಿಟ್ಟೇ ಮಾತಾಡಬೇಕು, ಬೇಕಂತಲೇ ಸೋತರೆ ಕೇಳುವವರಿಗೆ ತಕ್ಷಣ ಗೊತ್ತಾಗುತ್ತದೆ. ನಾನೂ ಹಾಗೇ ಮಾಡಿ ನೋಡಿದ್ದೇನೆ. ನನ್ನ ಒಲವು ಯಾವ ಕಡೆ ಅನ್ನುವುದನ್ನು ಮುಚ್ಚಿಡಲು ಮಾತ್ರ ಹೋಗಿಲ್ಲ.

ಪರ

ನನಗೆ ಆಗ ಎಂಟೋ ಒಂಬತ್ತೋ ವರ್ಷ. ಅಜ್ಜಿ ಉಪ್ಪುನೀರಿನಲ್ಲಿ ಹಾಕಿಟ್ಟಿದ್ದ ಅಪ್ಪೆಮಿಡಿಯ ಭರಣಿ ಅಟ್ಟದ ಮೆಟ್ಟಿಲ ಕೆಳಗೆ ಇರುತ್ತಿತ್ತು. ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ನಾಲ್ಕು ಮಿಡಿ ತೆಗೆದು, ಕೊಟ್ಟಿಗೆಯ ಹಿಂದೆ ನಿಂತು ತಿಂದು, ಕೈ ತೊಳೆದು, ಭರಣಿಯ ಬಾಯಿಗೆ ಬಟ್ಟೆ ಮೊದಲಿನ ಹಾಗೇ ಕಟ್ಟಿದ್ದೆ. ಯಾರೂ ನೋಡಿಲ್ಲ ಅಂತ ನನ್ನ ಲೆಕ್ಕ. ಸಂಜೆ ಅಜ್ಜಿ ಬತ್ತಿ ಹೊಸೆಯುತ್ತಾ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದು ಒಂದೇ ಮಾತು. "ತಮಾ, ದೇವ್ರಿಗೆ ಎಲ್ಲಾ ಗೊತ್ತಿದ್ದು." ನಾನು ಅಲ್ಲೇ ಒಪ್ಪಿಕೊಂಡೆ. ಹಿಂದಿನ ವಾರ ತಿಂದ ಎರಡನ್ನೂ ಸೇರಿಸಿ ಆರು ಅಂದೆ.

ಎಲ್ಲಾ ಬಲ್ಲ ದೇವರನ್ನು ಗೇಲಿ ಮಾಡುವವರು ಹಿಡಿಯುವುದು ಇದನ್ನೇ. ಮೇಲೊಂದು ಸಿಸಿ ಕ್ಯಾಮೆರಾ, ಕೆಳಗೆ ಹೆದರಿದ ಮಕ್ಕಳು. ಇದು ಹೌದು, ಆದರೆ ಅರ್ಧ ಮಾತ್ರ ಹೌದು. ಅಥರ್ವವೇದದಲ್ಲಿ ವರುಣನ ಮೇಲೆ ಒಂದು ಸೂಕ್ತವಿದೆ. ಇಬ್ಬರು ಕೂತು ಗುಟ್ಟು ಮಾತಾಡಿದರೆ ಅಲ್ಲಿ ಮೂರನೆಯವನಾಗಿ ವರುಣನಿರುತ್ತಾನೆ, ಅವನಿಗೆ ಅದು ಗೊತ್ತು ಅನ್ನುತ್ತದೆ. ಜನರ ರೆಪ್ಪೆ ಎಷ್ಟು ಸಲ ಬಡಿಯಿತು ಅನ್ನುವುದನ್ನೂ ಅವನು ಎಣಿಸಿಟ್ಟಿದ್ದಾನಂತೆ. ಓದಿದರೆ ಮೊದಲು ಹೆದರಿಕೆಯೇ ಆಗುತ್ತದೆ. ಆದರೆ ನಮ್ಮ ಕರಾವಳಿಯಲ್ಲಿ ನೂಲು ಹುಣ್ಣಿಮೆಯ ದಿನ ಮೀನುಗಾರರು ಕಡಲಿಗೆ ತೆಂಗಿನಕಾಯಿ ಬಿಡುವುದು ಇದೇ ವರುಣನಿಗೆ. ಕದ್ದು ತಿಂದ ಹುಡುಗನಿಗೆ ಆ ಮೂರನೆಯವನು ಪೊಲೀಸ್. ಕಡಲಿಗೆ ಹೋಗುವವನಿಗೆ ಅವನು ಬೇರೆಯೇ ಏನೋ.

ದೋಣಿಯಲ್ಲಿ ಹೋದವನು ವಾಪಸ್ ಬರದ ಮನೆಗಳು ಈ ತೀರದಲ್ಲಿ ಕಡಿಮೆ ಇಲ್ಲ. ಕೆಲವೊಮ್ಮೆ ದೇಹವೂ ಸಿಗುವುದಿಲ್ಲ. ಕೊನೆಯ ಗಳಿಗೆಯಲ್ಲಿ ಏನಾಯಿತು, ಕೂಗಿದನಾ, ಯಾರ ಹೆಸರು ಹಿಡಿದು ಕೂಗಿದ, ಎಷ್ಟು ಹೊತ್ತು ಈಜಿದ, ಇದಕ್ಕೆಲ್ಲ ಭೂಮಿಯ ಮೇಲೆ ಒಬ್ಬನೂ ಸಾಕ್ಷಿ ಇಲ್ಲ. ಮನೆಯವರು ಹೇಳುವುದು "ದೇವರಿಗೇ ಗೊತ್ತು" ಅಂತ. ಇದು ಬರೀ ರೂಢಿಯ ಮಾತು ಅಂತ ನಾವು ಕಿವಿ ಕೊಡುವುದಿಲ್ಲ. ಸ್ವಲ್ಪ ನಿಂತು ಕೇಳಿ. ಕನ್ನಡದಲ್ಲಿ "ನನಗೆ ಗೊತ್ತಿಲ್ಲ" ಅನ್ನುವುದರ ಕೊನೆಯ ತುದಿ "ದೇವರೇ ಬಲ್ಲ" ಅನ್ನುವುದು. ನಮಗೆ ಗೊತ್ತಿಲ್ಲ ಅಂತ ಹೇಳಲಿಕ್ಕೂ ಅವನಿಗೆ ಗೊತ್ತಿದೆ ಅನ್ನುವುದು ಬೇಕು. ಆ ತಾಯಿ ಕೇಳುತ್ತಿರುವುದು ಮಗನ ಕೊನೆಯ ಗಳಿಗೆ ಎಲ್ಲೂ ದಾಖಲಾಗದೆ ನೀರಿನಲ್ಲಿ ಕರಗಿ ಹೋಗಬಾರದು ಅಂತ, ಅಷ್ಟೇ. ಅದನ್ನು ಇಲ್ಲ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಇದು ಭಾವನೆಯ ಮಾತಾಯಿತು, ವಾದ ಎಲ್ಲಿ ಅಂತ ಕೇಳಬಹುದು. ವಾದವೂ ಇದೆ. ಜೈನರ ಸಮಂತಭದ್ರ ಮಾಡಿದ್ದು ನನಗೆ ಯಾವತ್ತೂ ಇಷ್ಟ. ಗುಡ್ಡದ ಆಚೆ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆ ಅಂತ ನಾವು ಊಹಿಸುತ್ತೇವೆ. ನಮಗೆ ಅದು ಊಹೆ. ಬೆಂಕಿಯ ಪಕ್ಕದಲ್ಲೇ ಕೂತು ಕೈ ಕಾಯಿಸುತ್ತಿರುವವನಿಗೆ ಕಣ್ಣೆದುರಿನ ಸಂಗತಿ. ಹಾಗೇ ತೀರಾ ಸಣ್ಣದು, ತೀರಾ ದೂರದ್ದು, ಯಾವತ್ತೋ ಆಗಿಹೋದದ್ದು, ಹೀಗೆ ಊಹೆಗೆ ಸಿಗುವುದೆಲ್ಲ ಯಾರಿಗೋ ಒಬ್ಬರಿಗೆ ನೇರವಾಗಿ ಕಾಣಲೇಬೇಕು ಅಂತ ಅವನ ವಾದ. ಜೈನರಲ್ಲಿ ಈ ಎಲ್ಲಾ ಬಲ್ಲವನು ಜಗತ್ತನ್ನು ಮಾಡಿದ ದೇವರಲ್ಲ ಅನ್ನುವುದು ಇನ್ನೂ ಚೆಂದ. ಅವರಿಗೆ ಅಂಥ ದೇವರೇ ಇಲ್ಲ. ಹನ್ನೆರಡು ವರ್ಷ ತಪಸ್ಸು ಮಾಡಿ ಮಹಾವೀರ ಕೇವಲಜ್ಞಾನ, ಅಂದರೆ ಎಲ್ಲಾ ಬಲ್ಲ ಅರಿವು, ಪಡೆದದ್ದು ಮನುಷ್ಯನಾಗಿ. ಅರಿವು ಆತ್ಮದ ಸ್ವಭಾವ, ಮೇಲೆ ಕೂತ ಕರ್ಮದ ಧೂಳು ಹೋದರೆ ಸಾಕು ಅನ್ನುವುದು ಅವರ ಮಾತು.

ಈಗ ಕೌರವನ ಪ್ರಶ್ನೆಗೆ ಬರುತ್ತೇನೆ. ಮುಂದೆ ಆಗುವುದು ಅವನಿಗೆ ಮೊದಲೇ ಗೊತ್ತಿದ್ದರೆ ನಮ್ಮ ಕೈಯಲ್ಲಿ ಏನುಳಿಯಿತು? 13ನೇ ಶತಮಾನದ ಕ್ರೈಸ್ತ ಪಂಡಿತ ಥಾಮಸ್ ಅಕ್ವಿನಾಸ್ ಇದಕ್ಕೆ ಒಂದು ಚಿತ್ರ ಕೊಟ್ಟ. ದಾರಿಯಲ್ಲಿ ನಡೆಯುವವನಿಗೆ ಹಿಂದೆ ಬರುತ್ತಿರುವವರು ಕಾಣುವುದಿಲ್ಲ, ಎತ್ತರದಲ್ಲಿ ನಿಂತವನಿಗೆ ಇಡೀ ದಾರಿ ಒಟ್ಟಿಗೇ ಕಾಣುತ್ತದೆ. ದೇವಿಮನೆ ಘಟ್ಟದಲ್ಲಿ ಓಡಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇಲಿನ ತಿರುವಿನಲ್ಲಿ ನಿಂತು ನೋಡಿದರೆ ಕುಮಟೆ ಕಡೆಯಿಂದ ಏರುತ್ತಿರುವ ಲಾರಿ, ಶಿರಸಿ ಕಡೆಯಿಂದ ಇಳಿಯುತ್ತಿರುವ ಬಸ್ಸು ಎರಡೂ ಕಾಣುತ್ತವೆ. ಒಂದಕ್ಕೊಂದು ಕಾಣುವುದಿಲ್ಲ. ಇನ್ನೆರಡು ನಿಮಿಷಕ್ಕೆ ಅವು ಎದುರಾಗುತ್ತವೆ ಅಂತ ನಿಮಗೆ ಗೊತ್ತು. ನಿಮಗೆ ಗೊತ್ತಿರುವುದರಿಂದ ಅವು ಎದುರಾಗುತ್ತಿಲ್ಲ, ಅಲ್ವಾ? ಡ್ರೈವರ್ ಬ್ರೇಕ್ ಹಾಕುವುದು ಬಿಡುವುದು ಅವನ ಕೈಯಲ್ಲೇ ಇದೆ. ದೇವರು ನಾಳೆಯನ್ನು ಮುಂಚೆ ನೋಡುವುದಿಲ್ಲ, ಅವನಿಗೆ ನಿನ್ನೆ ನಾಳೆ ಎಲ್ಲಾ ಒಂದೇ ನೋಟದಲ್ಲಿ ಇದೆ ಅಂತ ಇದಕ್ಕೂ ಎಷ್ಟೋ ಮೊದಲು ರೋಮಿನ ಬೋಯಿಥಿಯಸ್ ಜೈಲಿನಲ್ಲಿ ಕೂತು ಬರೆದಿದ್ದ. ಮರಣದಂಡನೆಗೆ ಕಾಯುತ್ತಾ ಬರೆದದ್ದು ಅನ್ನುವುದು ನೆನಪಿರಲಿ.

ಇನ್ನು ಕೃಷ್ಣ ಬಂದದ್ದು ಯಾಕೆ ಅನ್ನುವುದಕ್ಕೆ ಉದ್ಯೋಗಪರ್ವದಲ್ಲೇ ಉತ್ತರ ಇದೆ. ವಿದುರನೂ ಹೆಚ್ಚುಕಡಿಮೆ ಇದನ್ನೇ ಕೇಳುತ್ತಾನೆ. ಆಗ ಕೃಷ್ಣ ಹೇಳುವುದು, ಕೈಲಾದ ಮಟ್ಟಿಗೆ ಪ್ರಯತ್ನಿಸಿ ಆಗದೆ ಹೋದರೂ ಪುಣ್ಯ ಸಿಕ್ಕೇ ಸಿಗುತ್ತದೆ, ಮೇಲಾಗಿ ತಡೆಯಬಹುದಾಗಿದ್ದರೂ ಕೃಷ್ಣ ತಡೆಯಲಿಲ್ಲ ಅಂತ ನಾಳೆ ಯಾರೂ ಆಡಬಾರದು. ಫಲ ಗೊತ್ತಿದ್ದೂ ಹೋದ. ಫಲ ಗೊತ್ತಿಲ್ಲದೆ ಹೋಗುವುದಕ್ಕಿಂತ ಅದು ಕಷ್ಟದ ಕೆಲಸ.

ಕಥೆಯ ವಿಷಯಕ್ಕೆ ಬಂದರೆ ಎಲ್ಲಾ ಬಲ್ಲವನಿಲ್ಲದೆ ನಮ್ಮ ಕಥೆಗಳೇ ಇಲ್ಲ. ಕುಮಾರವ್ಯಾಸ "ವೀರನಾರಾಯಣನೆ ಕವಿ, ಲಿಪಿಕಾರ ಕುವರವ್ಯಾಸ" ಅಂದ. ಕುರುಕ್ಷೇತ್ರದ ಮೂಲೆ ಮೂಲೆ, ಒಬ್ಬೊಬ್ಬರ ಮನಸ್ಸಿನ ಒಳಗು ಎಲ್ಲಾ ಗೊತ್ತಿರಬೇಕಾದರೆ ಅದು ಗದುಗಿನ ಒಬ್ಬ ಮನುಷ್ಯನಿಂದ ಆಗುವ ಮಾತಲ್ಲ, ದೇವರು ಹೇಳಿದ, ನಾನು ಬರೆದುಕೊಂಡೆ ಅಂತ. ವಿನಯ ಅಂತಲೂ ಓದಬಹುದು. ನಾನು ಅದನ್ನು ಕಥೆಗಾರನ ಲೈಸೆನ್ಸ್ ಅಂತ ಓದುತ್ತೇನೆ.

ಎಲ್ಲಾ ಗೊತ್ತಿದ್ದರೆ ಮನಸ್ಸು ಕಲ್ಲಾಗುತ್ತದೆ, ಅಂಥ ದೇವರಿಗೆ ಅಳುವೂ ಇಲ್ಲ ನಗುವೂ ಇಲ್ಲ ಅನ್ನುವವರು ಒಂದು ಸಲ ಅಭಿಮನ್ಯು ಕಾಳಗ ನೋಡಲಿ. ಚಕ್ರವ್ಯೂಹದಿಂದ ಹುಡುಗ ಹೊರಗೆ ಬರುವುದಿಲ್ಲ ಅಂತ ಕೂತವರಿಗೆಲ್ಲ ಗೊತ್ತು. ಅವನಿಗೆ ಮಾತ್ರ ಗೊತ್ತಿಲ್ಲ. ಅವನು ಕುಣಿಯುತ್ತಾ, ತಾಯಿಯ ಹತ್ತಿರ ಸಡಗರದಿಂದ ಮಾತಾಡುತ್ತಾ ಯುದ್ಧಕ್ಕೆ ಹೊರಡುತ್ತಾನೆ. ಆ ಸಡಗರ ನೋಡಲಾಗದೆ ಪಕ್ಕದಲ್ಲಿ ಕೂತ ದೊಡ್ಡ ಗಂಡಸರು ಟವೆಲ್‌ನಲ್ಲಿ ಮುಖ ಒರೆಸಿಕೊಳ್ಳುವುದನ್ನು ನೋಡಿದ್ದೇನೆ. ಗೊತ್ತಿರುವುದರಿಂದಲೇ ಸಂಕಟ. ಆ ರಾತ್ರಿಯ ಮಟ್ಟಿಗೆ ನಾವೇ ಸಣ್ಣ ಸರ್ವಜ್ಞರು, ಎದ್ದು ಹೋಗಿ ಹುಡುಗನ ಕೈ ಹಿಡಿದು ನಿಲ್ಲಿಸಲಾಗದವರು.

ವಿರೋಧ

ಅಪ್ಪೆಮಿಡಿಯ ಕಥೆ ಇನ್ನೂ ಮುಗಿದಿಲ್ಲ. ಅಜ್ಜಿ ಹೋಗಿ ಎಷ್ಟೋ ವರ್ಷದ ಮೇಲೆ ಅತ್ತೆ ಒಂದು ದಿನ ನಗುತ್ತಾ ಹೇಳಿದರು, ಅವತ್ತು ಅಜ್ಜಿಗೆ ನನ್ನ ಕೈ ವಾಸನೆಯಿಂದ ಗೊತ್ತಾಗಿತ್ತಂತೆ. ಒಳ್ಳೆಯ ಅಪ್ಪೆಯ ಪರಿಮಳ ಸೋಪು ಹಾಕಿ ತೊಳೆದರೂ ಅಷ್ಟು ಸುಲಭಕ್ಕೆ ಕೈ ಬಿಡುವುದಿಲ್ಲ. ಅದಕ್ಕೇ ಪಕ್ಕಕ್ಕೆ ಕರೆದು ಕೂರಿಸಿಕೊಂಡದ್ದು. ಹಿಂದಿನ ವಾರದ ಎರಡು ಮಿಡಿಯ ವಿಷಯ ಅಜ್ಜಿಗೂ ಗೊತ್ತಿರಲಿಲ್ಲ, ನಾನೇ ಬಾಯಿ ಬಿಟ್ಟೆ. ಅಂದರೆ ಗೊತ್ತಾದದ್ದು ಒಬ್ಬ ಮನುಷ್ಯಳಿಗೆ, ಅದೂ ಮೂಗಿನಿಂದ, ಅದೂ ಅರ್ಧ. ಹೆಸರು ಮಾತ್ರ ದೇವರದ್ದು.

ನನ್ನ ಮೊದಲ ತಕರಾರು ಇದು. ಎಲ್ಲಾ ಬಲ್ಲವನು ಹೀಗೆ ಹೇಳಿದ ಅಂತ ಬಂದು ಹೇಳುವುದು ಯಾವಾಗಲೂ ಎಲ್ಲಾ ಗೊತ್ತಿಲ್ಲದ ಇನ್ನೊಬ್ಬ. ನಮ್ಮ ಕಡೆ ದೇವಸ್ಥಾನಗಳಲ್ಲಿ ಪ್ರಸಾದ ಕೇಳುವುದು ಅಂತ ಇದೆ. ದೇವರ ಮೈಗೆ ಒದ್ದೆ ಹೂವು ಹಚ್ಚಿ, ಪ್ರಶ್ನೆ ಕೇಳಿ, ಕಾಯುವುದು. ಬಲಗಡೆಯದು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಬೇಡ. ಮೂರು ಲೋಕ ಬಲ್ಲವನಿಗೆ ನಾವು ಬಿಟ್ಟಿರುವುದು ಎರಡೇ ಉತ್ತರ. ಒಮ್ಮೆ ಸಂಬಂಧಿಕರ ಮನೆಯ ಒಂದು ವಿಷಯಕ್ಕೆ ಎಡಗಡೆ ಬಿತ್ತು. ಮತ್ತೆ ಕೇಳಿದರು, ಮತ್ತೆ ಎಡ. ಮೂರನೇ ಸಲ ಎಡಗಡೆಯ ಹೂವನ್ನು ಸ್ವಲ್ಪ ಜಾಸ್ತಿ ಒದ್ದೆ ಮಾಡಿ ಒತ್ತಿ ಹಚ್ಚಿದ್ದನ್ನು ನಾನು ಕಣ್ಣಾರೆ ನೋಡಿದೆ. ಬಲಗಡೆ ಬಿತ್ತು. ಎಲ್ಲರೂ ಕೈ ಮುಗಿದರು, ನಾನೂ ಮುಗಿದೆ.

7ನೇ ಶತಮಾನದ ಕುಮಾರಿಲ ಭಟ್ಟ ದೇವರ ವಿರೋಧಿಯಾಗಿ ಅಲ್ಲ, ವೇದದ ಪರವಾಗಿ ನಿಂತು ಇದನ್ನು ಕೇಳಿದ. ಇವನು ಸರ್ವಜ್ಞ ಅಂತ ನಿನಗೆ ಹೇಗೆ ಗೊತ್ತಾಯಿತು? ಅವನಿಗೆ ಏನೇನು ಗೊತ್ತಿದೆಯೋ ಅದೆಲ್ಲ ನಿನಗೂ ಗೊತ್ತಿದ್ದರೆ ತಾನೇ ಅವನನ್ನು ಪರೀಕ್ಷೆ ಮಾಡುವುದು? ಹಾಗಾದರೆ ನೀನೂ ಸರ್ವಜ್ಞನೇ. ನಿನ್ನನ್ನು ಗುರುತಿಸಲು ಮತ್ತೊಬ್ಬ. ಅವನದೇ ಅಂತ ಹೇಳುವ ಇನ್ನೊಂದು ಪ್ರಶ್ನೆ ಇನ್ನೂ ಖಾರ. ಬುದ್ಧ ಸರ್ವಜ್ಞ, ಸಾಂಖ್ಯದ ಕಪಿಲ ಅಲ್ಲ ಅನ್ನಲು ಏನು ಪ್ರಮಾಣ? ಇಬ್ಬರೂ ಸರ್ವಜ್ಞರಾದರೆ ಅವರಲ್ಲಿ ಮತಭೇದ ಯಾಕೆ?

ಈ ಪ್ರಶ್ನೆಯನ್ನು ಸೋಂದೆಯಲ್ಲಿ ನಿಂತು ಕೇಳಬೇಕು. ಶಿರಸಿಯಿಂದ ಹೊರಟರೆ ಒಂದು ಬೆಳಿಗ್ಗೆಯಲ್ಲಿ ಅದ್ವೈತದ ಸ್ವರ್ಣವಲ್ಲಿ ಮಠ, ವಾದಿರಾಜರ ಸೋದೆ ಮಠ, ಸ್ವಾದಿ ಜೈನ ಮಠ ಮೂರನ್ನೂ ನೋಡಿಕೊಂಡು ಊಟಕ್ಕೆ ಮನೆಗೆ ಬರಬಹುದು. ಒಂದು ಕಡೆ ಈಶ್ವರ ಸರ್ವಜ್ಞ ನಿಜ, ಆದರೆ ಅದೂ ಮಾಯೆಯ ಲೆಕ್ಕದೊಳಗೇ ಬರುವ ಮಾತು. ಇನ್ನೊಂದು ಕಡೆ ವಿಷ್ಣು ಒಬ್ಬನೇ ಪೂರ್ತಿ ಬಲ್ಲವನು, ಜೀವ ಎಷ್ಟು ಏರಿದರೂ ಅಷ್ಟಾಗುವುದಿಲ್ಲ. ಮೂರನೆಯ ಕಡೆ ಜಗತ್ತು ಮಾಡಿದ ದೇವರೇ ಇಲ್ಲ, ಮನುಷ್ಯನೇ ಸರ್ವಜ್ಞನಾಗಬಹುದು. ಮೂವರೂ ದೊಡ್ಡವರು. ಒಂದೇ ಶಾಲ್ಮಲಾ ನದಿಯ ಸೀಮೆ. ನನ್ನ ಕಣ್ಣಿಗೆ ಇದು ದೋಷವಲ್ಲ, ಆ ಊರಿನ ಸೊಗಸು. ಆದರೆ ಎಲ್ಲಾ ಬಲ್ಲ ಒಬ್ಬನಿಂದಲೇ ಇದೆಲ್ಲ ಇಳಿದು ಬಂತು ಅನ್ನುವುದಕ್ಕೆ ಸೋಂದೆ ಒಳ್ಳೆಯ ಸಾಕ್ಷಿಯಲ್ಲ. ಸಮಂತಭದ್ರನ ಹೊಗೆಯ ವಾದವೂ ಇಲ್ಲೇ ಎಡವುತ್ತದೆ. ಈ ಬೆಂಕಿಯ ಪಕ್ಕ ಒಬ್ಬ, ಆ ಬೆಂಕಿಯ ಪಕ್ಕ ಇನ್ನೊಬ್ಬ ಇರಲಿ. ಎಲ್ಲಾ ಬೆಂಕಿಯ ಪಕ್ಕದಲ್ಲೂ ಒಬ್ಬನೇ ಅಂತ ಎಲ್ಲಿಂದ ಬಂತು?

ಬೌದ್ಧರ ಹಳೆಯ ಪಾಲಿ ಸುತ್ತವೊಂದರಲ್ಲಿ ಇದರ ತಮಾಷೆ ಇದೆ. ನಡೆಯುವಾಗ, ನಿಂತಾಗ, ಮಲಗಿದಾಗ ಎಲ್ಲಾ ಹೊತ್ತಿನಲ್ಲೂ ನನಗೆ ಎಲ್ಲಾ ಗೊತ್ತು ಅನ್ನುವ ಗುರು ಒಬ್ಬ. ಅವನು ಭಿಕ್ಷೆಗೆ ಖಾಲಿ ಮನೆಗೆ ಹೋಗುತ್ತಾನೆ. ನಾಯಿ ಕಚ್ಚುತ್ತದೆ. ಮದ ಬಂದ ಆನೆ ಎದುರಾಗುತ್ತದೆ. ದಾರಿಯಲ್ಲಿ ಸಿಕ್ಕವರನ್ನು ಇದು ಯಾವ ಊರು, ದಾರಿ ಯಾವುದು ಅಂತ ಕೇಳುತ್ತಾನೆ. ಇದೇನು ಸ್ವಾಮಿ ಅಂದರೆ, ಖಾಲಿ ಮನೆಗೆ ಹೋಗಬೇಕಾಗಿತ್ತು ಹೋದೆ, ನಾಯಿ ಕಚ್ಚಬೇಕಾಗಿತ್ತು ಕಚ್ಚಿತು ಅನ್ನುತ್ತಾನೆ! ಇಂಥವರು ನಮ್ಮ ನಿಮ್ಮ ನಡುವೆ ಎಷ್ಟು ಜನ ಇಲ್ಲ.

ಬೌದ್ಧ ತಾರ್ಕಿಕ ಧರ್ಮಕೀರ್ತಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಜಗತ್ತಿನಲ್ಲಿ ಎಷ್ಟು ಹುಳ ಇವೆ ಅನ್ನುವ ಲೆಕ್ಕ ಗೊತ್ತಿದ್ದರೆ ನಮಗೇನು ಉಪಯೋಗ, ಏನು ಬಿಡಬೇಕು ಏನು ಹಿಡಿಯಬೇಕು ಅನ್ನುವುದು ಗೊತ್ತಿದ್ದರೆ ಸಾಕು ಅಂದ. ದೂರದ್ದು ಕಾಣುವವನೇ ಪ್ರಮಾಣ ಅನ್ನುವುದಾದರೆ ಬನ್ನಿ, ರಣಹದ್ದುಗಳ ಪೂಜೆ ಮಾಡೋಣ ಅಂದ. ಕಾರವಾರದ ಬೈತಖೋಲ ಬಂದರಿನಲ್ಲಿ ನಿಂತಾಗಲೆಲ್ಲ ನನಗೆ ಈ ಮಾತು ನೆನಪಾಗುತ್ತದೆ. ಅಲ್ಲಿ ರಣಹದ್ದಿಲ್ಲ, ಗರುಡಗಳಿವೆ. ಬೋಟು ದಡಕ್ಕೆ ಬರುವ ಮೊದಲೇ ಅವುಗಳಿಗೆ ಗೊತ್ತಾಗುತ್ತದೆ. ಮೇ ತಿಂಗಳ ಬಿಸಿಲಿನಲ್ಲಿ ಬುಟ್ಟಿ ಹಿಡಿದು ಕಾಯುವ ಹೆಂಗಸರಿಗೆ ಅಷ್ಟು ದೂರದ್ದು ಕಾಣುವುದಿಲ್ಲ. ಆದರೆ ಇವತ್ತು ತಾರ್ಲೆ ಮೀನು ಎಷ್ಟಕ್ಕೆ ಹಿಡಿದರೆ ಸಂಜೆಯೊಳಗೆ ಎಷ್ಟಕ್ಕೆ ಕೊಡಬಹುದು, ಯಾರಿಗೆ ಸಾಲ ಕೊಡಬಾರದು ಅನ್ನುವುದು ಗೊತ್ತು.

ಇಷ್ಟು ಹೊತ್ತು ತಮಾಷೆ ಆಯಿತು. ಘಟ್ಟದ ಮೇಲೆ ನಿಂತು ನೋಡುವವನ ಚಿತ್ರ ನನಗೆ ನಿಜವಾಗಿ ಕಷ್ಟ ಕೊಡುವುದು ಬೇರೆ ಕಡೆ. 2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66ರ ಮೇಲೆ ಬಿತ್ತು. ಬದಿಯ ಚಹಾ ಅಂಗಡಿ, ನಿಂತಿದ್ದ ಲಾರಿಗಳು ಮಣ್ಣಿನ ಜೊತೆ ಗಂಗಾವಳಿಗೆ ಹೋದವು. ನಾವೆಲ್ಲ ಆ ರಸ್ತೆಯಲ್ಲಿ ಓಡಾಡುವವರೇ. ಮೇಲಿನಿಂದ ನೋಡುವವನಿಗೆ ಲಾರಿಯೂ ಕಾಣುತ್ತಿತ್ತು, ಗುಡ್ಡದೊಳಗಿನ ನೀರೂ ಕಾಣುತ್ತಿತ್ತು. ಅವನು ನೋಡಿದ್ದರಿಂದ ಗುಡ್ಡ ಬೀಳಲಿಲ್ಲ, ಸರಿ, ಅಕ್ವಿನಾಸ್ ಗೆದ್ದ. ಆದರೆ ಮೇಲೆ ನಿಂತವನು ಒಂದು ಕೂಗು ಹಾಕಲಿಲ್ಲವಲ್ಲ? ನಮ್ಮೂರಿನವನು ಯಾರಾದರೂ ಗೊತ್ತಿದ್ದೂ ಸುಮ್ಮನಿದ್ದಿದ್ದರೆ ಅವನನ್ನು ನಾವು ಏನಂತ ಕರೆಯುತ್ತಿದ್ದೆವು?

ಉತ್ತಂಕ ಮುನಿ ಕೃಷ್ಣನನ್ನು ಕೇಳಿದ್ದೂ ಇದನ್ನೇ. ಯುದ್ಧ ಮುಗಿಸಿ ದ್ವಾರಕೆಗೆ ಹೋಗುವಾಗ ದಾರಿಯಲ್ಲಿ ಸಿಕ್ಕ ಉತ್ತಂಕನಿಗೆ ಯುದ್ಧ ಆದದ್ದೇ ಗೊತ್ತಿರಲಿಲ್ಲ. ಕುರುಗಳೆಲ್ಲ ಸತ್ತರು ಅಂದಾಗ, ತಡೆಯುವ ಶಕ್ತಿ ಇದ್ದೂ ತಡೆಯಲಿಲ್ಲ, ನಿನಗೆ ಶಾಪ ಕೊಡುತ್ತೇನೆ ಅಂತ ಎದ್ದು ನಿಂತ. ಕೃಷ್ಣ ಬಹಳ ಹೇಳುತ್ತಾನೆ. ಅದರಲ್ಲಿ ನನಗೆ ಹಿಡಿಸಿದ್ದು ಒಂದೇ ಮಾತು, ಮನುಷ್ಯನಾಗಿ ಹುಟ್ಟಿದ್ದರಿಂದ ಮನುಷ್ಯನ ಹಾಗೆ ದೈನ್ಯದಿಂದ ಬೇಡಿಕೊಂಡೆ, ಅವರು ಕೇಳಲಿಲ್ಲ ಅನ್ನುವುದು. ಅದು ಉತ್ತರ. ಕೊನೆಗೆ ವಿಶ್ವರೂಪ ತೋರಿಸುತ್ತಾನೆ. ಅದು ಉತ್ತರವಲ್ಲ, ಎದುರಿನವನ ಬಾಯಿ ಮುಚ್ಚಿಸುವ ದಾರಿ.

ಉತ್ತಂಕನ ಕಥೆ ಬರುವ ಅಶ್ವಮೇಧಿಕ ಪರ್ವದಲ್ಲೇ ಇನ್ನೊಂದು ಕಡೆ ಇದೆ, ತಾಳಮದ್ದಳೆಯಲ್ಲಿ ಯಾರೂ ಜಾಸ್ತಿ ಮುಟ್ಟುವುದಿಲ್ಲ. ಅರ್ಜುನ ಬಂದು, ಯುದ್ಧದ ಹೊತ್ತಿನಲ್ಲಿ ನೀನು ಹೇಳಿದ್ದೆಲ್ಲ ಮರೆತುಹೋಯಿತು, ಇನ್ನೊಮ್ಮೆ ಹೇಳು ಅನ್ನುತ್ತಾನೆ. ಕೃಷ್ಣ ಬೈಯುತ್ತಾನೆ. ಬೈದು, ಅವತ್ತು ಯೋಗದಲ್ಲಿದ್ದು ಹೇಳಿದ್ದು, ಅದನ್ನು ಪೂರ್ತಿಯಾಗಿ ಮತ್ತೆ ಹೇಳಲು ಆಗುವುದಿಲ್ಲ ಅನ್ನುತ್ತಾನೆ! ಇದಕ್ಕೆ ಪಂಡಿತರು ಸಮಾಧಾನ ಹೇಳುತ್ತಾರೆ. ನನಗೆ ಸಮಾಧಾನ ಬೇಡ. ಗೆಳೆಯ ಮರೆತ, ತನಗೂ ಮತ್ತೆ ಹೇಳಲಾಗುತ್ತಿಲ್ಲ, ಇಬ್ಬರೂ ಕೂತು ಬೇರೆ ಏನೋ ಮಾತಾಡುತ್ತಾರೆ. ವಿಶ್ವರೂಪಕ್ಕಿಂತ ಇವನ ಹತ್ತಿರ ಹೋಗಿ ಕೂರಲು ನನಗೆ ಧೈರ್ಯ ಬರುತ್ತದೆ.

ಗೊತ್ತಿರುವುದರಲ್ಲೂ ಜಾತಿ ಎರಡು. ಶಂಕರರ ಕಥೆಯಲ್ಲಿ ಮಂಡನಮಿಶ್ರರ ಹೆಂಡತಿ ಉಭಯಭಾರತಿ ಕಾಮಶಾಸ್ತ್ರದ ಪ್ರಶ್ನೆ ಕೇಳಿದಾಗ ಶಂಕರರು ಒಂದು ತಿಂಗಳ ಸಮಯ ಕೇಳಿ, ಸತ್ತ ಅಮರುಕ ರಾಜನ ದೇಹ ಹೊಕ್ಕು ಬದುಕಿ ನೋಡಿ ಬರಬೇಕಾಯಿತು. ಪುಸ್ತಕದಿಂದ ಸಿಗದ ಅರಿವು ಇದೆ ಅಂತ ಆ ಕಥೆಯೇ ಒಪ್ಪಿಕೊಂಡ ಹಾಗಾಯಿತು. ಹಾಗಾದರೆ ಎಲ್ಲಾ ಬಲ್ಲವನಿಗೆ "ಗೊತ್ತಿಲ್ಲದೇ ಇರುವುದು" ಹೇಗಿರುತ್ತದೆ ಅಂತ ಗೊತ್ತಾ? ಒಮ್ಮೆ ಪರಿಚಯದವರ ಬೋಟಿನಲ್ಲಿ ಹೋಗಿದ್ದೆ. ಈಗ ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯಿಸ್, ಉಪಗ್ರಹದ ಮಾಹಿತಿ ನೋಡಿ ಮೀನು ಎಲ್ಲಿರಬಹುದು ಅಂತ ಹೇಳುತ್ತದೆ, ಬೋಟಿನಲ್ಲಿ ಜಿಪಿಎಸ್ ಇದೆ, ಫಿಶ್ ಫೈಂಡರ್ ಪರದೆಯ ಮೇಲೆ ಕೆಂಪು ಹಳದಿ ಮೋಡದ ಹಾಗೆ ಏನೋ ಕಾಣುತ್ತದೆ. ಅಷ್ಟೆಲ್ಲ ಇದ್ದೂ ಬಲೆ ಎಳೆಯುವ ಆ ಹೊತ್ತಿನಲ್ಲಿ ಯಾರೂ ಮಾತಾಡಲಿಲ್ಲ. ಹಗ್ಗದ ಭಾರ ನೋಡಿ ಒಬ್ಬ ಹುಬ್ಬು ಏರಿಸಿದ. ಇನ್ನೊಬ್ಬ ತಲೆ ಅಲ್ಲಾಡಿಸಿದ. ನೀರಿನ ಕೆಳಗೆ ಬೆಳ್ಳಗೆ ಹೊಳೆಯಿತು, ಬಂಗಡೆಯೋ ಬರೀ ಜೆಲ್ಲಿ ಮೀನೋ ಗೊತ್ತಿಲ್ಲ. ಆ ನಾಲ್ಕು ನಿಮಿಷ ಎಲ್ಲಾ ಬಲ್ಲವನಿಗೆ ಯಾವತ್ತೂ ಸಿಗುವುದಿಲ್ಲ.

ಲೆಕ್ಕದ ದಾರಿ ಹಿಡಿದವರೂ ಇದ್ದರು. ಜಗತ್ತಿನ ಒಂದೊಂದು ಕಣ ಎಲ್ಲಿದೆ, ಅದರ ಮೇಲೆ ಯಾವ ಬಲ ಇದೆ ಅಂತ ಗೊತ್ತಿರುವ ಬುದ್ಧಿಗೆ ಭವಿಷ್ಯವೂ ಕಣ್ಣೆದುರೇ ಇರುತ್ತದೆ ಅಂತ 1814ರಲ್ಲಿ ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್ ಬರೆದ. 1961ರಲ್ಲಿ ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆಂಜ್ ಒಮ್ಮೆ ಹಾಕಿದ್ದ ಹವಾಮಾನದ ಲೆಕ್ಕವನ್ನೇ ಮತ್ತೆ ಹಾಕುವಾಗ 0.506127 ಅನ್ನುವಲ್ಲಿ ಬರೀ 0.506 ಅಂತ ಹಾಕಿ ಕಾಫಿಗೆ ಹೋದ. ವಾಪಸ್ ಬಂದಾಗ ಕಂಪ್ಯೂಟರ್ ಬೇರೆಯೇ ಹವಾಮಾನ ತೋರಿಸುತ್ತಿತ್ತು. ಕಡಲಿಗೆ ಹೋಗುವವರು ಎಚ್ಚರಿಕೆ ಬಂದರೂ ಒಮ್ಮೆ ಆಕಾಶ ನೋಡುವುದು ಸುಮ್ನೆ ಅಲ್ಲ.

ಕಥೆಯ ವಿಷಯದಲ್ಲಿ ನಾನು ಮೇಲೆ ಹೇಳಿದ್ದನ್ನು ನಾನೇ ಒಪ್ಪುವುದಿಲ್ಲ. ನಮ್ಮ ಕರಾವಳಿಯ ಅರ್ಧ ಸ್ಥಳಪುರಾಣ ಒಬ್ಬನಿಗೆ ಗೊತ್ತಿಲ್ಲದ್ದರಿಂದ ಹುಟ್ಟಿದೆ. ದನ ಕಾಯುವ ಆ ಹುಡುಗ ಯಾರು ಅಂತ ರಾವಣನಿಗೆ ಗೊತ್ತಿದ್ದಿದ್ದರೆ ಆತ್ಮಲಿಂಗ ಲಂಕೆಗೆ ಹೋಗುತ್ತಿತ್ತು. ಗೋಕರ್ಣವೂ ಇಲ್ಲ, ಸಿಟ್ಟಿನಿಂದ ಅವನು ಎಸೆದ ಚೂರುಗಳಿಂದ ಆದ ಮುರುಡೇಶ್ವರ, ಧಾರೇಶ್ವರ, ಗುಣವಂತೆ, ಸಜ್ಜೇಶ್ವರವೂ ಇಲ್ಲ. ಅಭಿಮನ್ಯು ಕಾಳಗದಲ್ಲೂ ಅಷ್ಟೇ. ಕೊನೆ ಗೊತ್ತಿದೆ ಅಂತ ನಾವು ರಾತ್ರಿಯಿಡೀ ಎಚ್ಚರ ಇರುವುದಿಲ್ಲ. ಇವತ್ತಿನ ಅಭಿಮನ್ಯು ತಾಯಿಗೆ ಏನು ಹೇಳುತ್ತಾನೆ ಅನ್ನುವುದು ಗೊತ್ತಿಲ್ಲ ಅಂತ ಇರುತ್ತೇವೆ. ಪ್ರಸಂಗದ ಪದ್ಯ ಅಷ್ಟೂ ಭಾಗವತರ ಮುಂದೆ ಇರುತ್ತವೆ, ಯಾರು ಗೆಲ್ಲಬೇಕು ಯಾರು ಸಾಯಬೇಕು ಎಲ್ಲಾ ಗೊತ್ತು. ಆದರೆ ಎರಡು ಪದ್ಯಗಳ ನಡುವೆ ಎದುರಿನವನ ಬಾಯಲ್ಲಿ ಏನು ಬರುತ್ತದೆ ಅಂತ ಅವರಿಗೂ ಗೊತ್ತಿರುವುದಿಲ್ಲ, ಕಿವಿ ಕೊಟ್ಟು ಕೂತಿರುತ್ತಾರೆ. ಅದೂ ಗೊತ್ತಿದ್ದರೆ ತಾಳಮದ್ದಳೆ ಬರೀ ಪಾರಾಯಣ. ಋಗ್ವೇದದ ಸೃಷ್ಟಿಸೂಕ್ತವೂ ಇಂಥ ಒಂದು ಕಡೆ ಬಂದು ನಿಲ್ಲುತ್ತದೆ. ಇದೆಲ್ಲ ಎಲ್ಲಿಂದ ಬಂತು ಅಂತ ಮೇಲೆ ಕೂತು ನೋಡುವವನಿಗೆ ಗೊತ್ತು, ಇಲ್ಲಾ ಅವನಿಗೂ ಗೊತ್ತಿಲ್ಲ. ಅಷ್ಟು ಹೇಳಿ ಸೂಕ್ತ ಮುಗಿಯುತ್ತದೆ.

ಅವತ್ತು ಪ್ರಸಂಗ ಮುಗಿದ ಮೇಲೆ, ಮಳೆ ಸ್ವಲ್ಪ ಕಡಿಮೆಯಾಗಲಿ ಅಂತ ಎಲ್ಲರೂ ಜಗುಲಿಯಲ್ಲಿ ನಿಂತಿದ್ದೆವು. ಕೃಷ್ಣನ ಅರ್ಥ ಹೇಳಿದವರನ್ನು ಕೇಳಿಯೇ ಬಿಟ್ಟೆ. ಉದ್ಯೋಗಪರ್ವದ ಉತ್ತರ ನಿಮಗೆ ಹೊಳೆಯಲಿಲ್ಲವಾ ಅಂತ.

"ಬಾಯಲ್ಲೇ ಇತ್ತು ಮಾರಾಯಾ," ಅಂದರು. "ಅವನ ಮುಖ ನೋಡಿದೆ. ನಿಜವಾಗಿ ಕೇಳ್ತಾ ಇದ್ದ. ಕಲಿತ ಉತ್ತರ ಹೇಳಲಿಕ್ಕೆ ಮನಸ್ಸು ಬರಲಿಲ್ಲ."

ಮುಂದಿನ ತಿಂಗಳು ಇನ್ನೊಂದು ಊರಿನಲ್ಲಿ ಇದೇ ಪ್ರಸಂಗ ಇದೆಯಂತೆ, ಆಗ ಅವರೇ ಕೌರವ. ಅದೇ ಪ್ರಶ್ನೆ ನೀವೂ ಕೇಳುತ್ತೀರಾ ಅಂದೆ. ಕೊಡೆ ಬಿಡಿಸುತ್ತಾ ಮೆಟ್ಟಿಲು ಇಳಿದರು. "ಕೃಷ್ಣ ಯಾರು ಅಂತ ಇನ್ನೂ ಹೇಳಲಿಲ್ಲ ಅವರು. ನೋಡ್ಬೇಕು."